ಮೀಸಲ ಗಾಡಿ

ಮೊನ್ನೆ ಮೊಮ್ಮಗ ಹೊಸಾ ಗಾಡಿ ತಂದ. ಜೀಪಿನಂಥಾದ್ದು, ಮ್ಯಾಲೆ ತಾಡಪತ್ರಿ ಹೊದಿಕಿ, ಗುಡ್ಡಾ-ಬೆಟ್ಟಾ ಎಲ್ಲಾ ಹತ್ತತೈತಂತ. ಬಿಲ್ಡಿಂಗಿನ ಕೆಳಗ ನಿಂದರಿಸಿ, ಲಿಂಬಿಹಣ್ಣು ತರಿಸಿ, ನನ್ನ ಕೈಯಾಗ ಆರತಿ ತಾಟು ಕೊಟ್ಟು, "ಅಜ್ಜಿ, ಪೂಜಾ ನೀವು ಮಾಡ್ರಿ. ಉಸ್ಕೆ ಬಾದ್ ಫಸ್ಟ್ ರೌಂಡ್ ನಿಮ್ದು" ಅಂದ. ಅವನ ಕನ್ನಡ ಅಷ್ಟೇ, ಅರ್ಧಾ ದಾರಿಗೆ ಬಂದು ಹಿಂದಿ ಹಿಡೀತೈತಿ. ನಾ ಬಗ್ಗಿ ಬಾನೆಟ್ಟಿಗೆ ಕುಂಕಮಾ ಹಚ್ಚಾಕ ಹೋದೆ. ಹೊಸಾ ತಾಡಪತ್ರಿ ವಾಸನಿ, ಅದರ ಜೋಡಿ ಪೆಟ್ರೋಲಿನ ವಾಸನಿ. ಕೈ ಅಲ್ಲೇ ನಿಂತು ಬಿಡ್ತು.

"ಮೊಣಕಾಲು ನೋಯತೈತಪಾ, ನೀವು ಹೋಗಿ ಬರ್ರಿ" ಅಂತ ಲಿಫ್ಟ್ ಹತ್ತಿ ಮ್ಯಾಲೆ ಬಂದೆ. ಅವನಿಗೆ ಸಿಟ್ಟು ಬಂದಿರಬೇಕು. ಬರಲಿ. ಮೊಣಕಾಲು ನೋಯತಿದ್ದಿಲ್ಲ. ಮೊದಲ ಸವಾರಿ ಅನ್ನೋ ಮಾತು ಕೇಳಿದ್ರ ನನಗ ಇವತ್ತಿಗೂ ಎದಿ ಝಲ್ ಅಂತೈತಿ. ಯಾಕಂತ ಮನ್ಯಾಗ ಯಾರಿಗೂ ಹೇಳಿಲ್ಲ. ಹೇಳೂ ವಯಸ್ಸು ಮೀರಿ ಹೋಗೂದರೊಳಗ ಹೇಳಿಬಿಡತೀನಿ.

ಆಗ ಮುಂಬೈದಾಗ ನಮ್ಮ ಭಾಂಡುಪ್ ಅಂದ್ರ ಈಗಿನಂಗಲ್ಲ. ಸ್ಟೇಶನ್ನಿನಿಂದ ನಮ್ಮ ಚಾಳಿಗೆ ಬರೂದಂದ್ರ ಎದಿಮಟ ಹುಲ್ಲಿನ ನಡುವ ಹಾದಿ. ನಾಲ್ಕು ಕಾರಖಾನಿ ಶೆಡ್ಡು, ಒಂದು ಗುಡ್ಡಾ, ಗುಡ್ಡದ ಬುಡಕ್ಕ ಎಂಟು ಖೋಲಿ ಚಾಳು. ನಮ್ಮ ಬೈಲಹೊಂಗಲ ಇನ್ನೂ ಮುಂಬೈ ರಾಜ್ಯದಾಗ ಇದ್ದ ಕಾಲ. ನಮ್ಮವರು ಅಲ್ಲೇ ಒಂದು ಕಾರಖಾನಿಯೊಳಗ ಫಿಟರ್. ಮಾತು ಕಡಿಮಿ, ಕೈ ಕೆಲಸ ಹೆಚ್ಚು. ಮನ್ಯಾಗ ಅವರು, ನಾನು, ಅವರವ್ವ. ಮಕ್ಕಳು ಇನ್ನೂ ಆಗಿದ್ದಿಲ್ಲ.

ನಮ್ಮತ್ತಿ ಚಾಳಿನ ನಳದ ಮುಂದ ಪಾಚಿ ಮ್ಯಾಲೆ ಕಾಲು ಜಾರಿ ಬಿದ್ದು ಸೊಂಟದ ಎಲುಬು ಮುರಕೊಂಡಿದ್ರು. ಅದು ಸೊಟ್ಟಗ ಕೂಡಿಕೊಂಡಿತ್ತು. ಗ್ವಾಡಿ ಹಿಡಕೊಂಡು ಖೋಲಿಯೊಳಗ ನಾಕ್ ಹೆಜ್ಜಿ, ಮುಗೀತು. ಆದ್ರ ಅವರ ಸಂಕಟ ಸೊಂಟದ್ದಲ್ಲ, ಹರಕಿದು. ನಮ್ಮವರು ಹನ್ನೊಂದು ವರ್ಷದವರಿದ್ದಾಗ ವಿಷಮಜ್ವರ ಬಂದು ಕೈಬಿಟ್ಟು ಹೋಗೂ ಹೊತ್ತಿನಾಗ, "ಗುಡ್ಡದಪ್ಪಾ, ಮಗನ್ನ ಉಳಿಸು, ಅವನ್ನ ಕರಕೊಂಡು ನಾನೇ ನಿನ್ನ ಮೆಟ್ಟಿಲಿಗೆ ಬರತೀನಿ" ಅಂತ ಹರಕಿ ಹೊತ್ತಿದ್ರಂತ. ಮಗಾ ಉಳದ. ಗಂಡ ಸತ್ತ, ಊರು ಬಿಟ್ರು, ಇವತ್ತು ನಾಳೆ ಅನ್ನೂದರಾಗ ಸೊಂಟಾ ಮುರೀತು. ಗುಡ್ಡದಪ್ಪ ನಮ್ಮ ಮನೆದೇವರು. ಖಾನಾಪುರ ದಾಟಿ, ಡಾಂಬರು ಮುಗಿದ ಮ್ಯಾಲೆ ಕಾಡಿನ ಹಾದಿ ಹನ್ನೊಂದು ಮೈಲು, ನಡುವ ಮೂರು ಹಳ್ಳ, ಬರೇ ಕಲ್ಲು. ಒಮ್ಮೆ ಊರಾಗ ಚಕ್ಕಡ್ಯಾಗ ಕೂಡಿಸಿ ನೋಡಿದ್ವಿ. ನೂರು ಹೆಜ್ಜಿ ಹೋಗೂದರೊಳಗ ಅವರು ಕೂಗಿದ ಕೂಗಿಗೆ ಎತ್ತು ಸೈತ ನಿಂತವು.

"ಹರಕಿ ತೀರಸದ ನಾ ಸತ್ತ್ರ ಅದು ಮಗನ ತಲಿ ಮ್ಯಾಲೆ ಬರತೈತಿ ಗಂಗವ್ವ" ಅಂತ ದಿನಾ ಅನ್ನೋರು. ದಿನಾ ಕೇಳಿ ಕೇಳಿ ಅವರ ಭಯ ನನಗೂ ಅಂಟಿತು. ಇವರಿಗೆ ಒಂದು ಸೀನು ಬಂದ್ರೂ ನಾ ಗಾಬರಿ ಆಗತಿದ್ದೆ.

ಒಂದಿನ ನಮ್ಮವರು ಕುರ್ಲಾದ ಗುಜರಿಯಿಂದ ಒಂದು ಮಿಲಿಟರಿ ಟ್ರಕ್ಕು ಎಳಿಸಿಕೊಂಡು ಬಂದ್ರು. ಯುದ್ಧ ಮುಗಿದ ಮ್ಯಾಲೆ ಸರಕಾರ ಮಾರಿದ್ದು, ಡಿಸ್ಪೋಜಲ್ ಮಾಲು ಅನ್ನೋರು. ನಾಲ್ಕೂ ಗಾಲಿ ಎಳಿಯೂ ಗಾಡಿ. ಮ್ಯಾಲೆ ಹೊದಿಕಿ ಇಲ್ಲ, ಒಂದು ಬಾಗಲಾ ಇಲ್ಲ, ಇಂಜಿನ್ನಿನಾಗ ಹಲ್ಲಿ ಸಂಸಾರ ಹೂಡಿತ್ತು. ಚಾಳಿಗೆ ಚಾಳೇ ಹೊರಗ ಬಂದು ನಕ್ಕಿತು.

"ನಮ್ಮ ಖೋಲಿ ಹತ್ತು ಫೂಟು, ನಿಮ್ಮ ಗಾಡಿ ಹದಿನಾಕು ಫೂಟು. ನಾವು ಗಾಡ್ಯಾಗ ಇರೂದೋ, ಗಾಡಿ ಖೋಲ್ಯಾಗ ಇಡೂದೋ?" ಅಂತ ನಾನೂ ಬಾಯಿ ಮಾಡಿದೆ.

ಅವರು ಅತ್ತಿಯವರ ಕಡೆ ನೋಡಿ, "ಯವ್ವಾ, ಇದರಾಗ ನಿನ್ನ ಗುಡ್ಡಕ್ಕ ಒಯ್ಯತೀನಿ" ಅಂದ್ರು. ಅಷ್ಟೇ. ಅತ್ತಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತ್ರು. ನಾ ಆಮ್ಯಾಲೆ ಆ ಗಾಡಿ ಬಗ್ಗೆ ಒಂದು ಮಾತೂ ಆಡಲಿಲ್ಲ.

ಚಳಿಗಾಲಾ ಪೂರ್ತಿ ಅದೇ ಕೆಲಸ. ಶಿಫ್ಟ್ ಮುಗಿಸಿ ಬಂದು ಚಹಾ ಕುಡಿದವರೇ ಗಾಡಿ ಕೆಳಗ. ಐತವಾರ ಬಂತಂದ್ರ ಊಟಕ್ಕ ಕರೀಬೇಕಂದ್ರ ನಾ ಬಗ್ಗಿ ಅವರ ಕಾಲು ಜಗ್ಗಬೇಕಾಗತಿತ್ತು. ಪಕ್ಕದ ಖೋಲಿ ಭಿಕಾಜಿ, ಮರಾಠಿ ಮನಷ್ಯಾ, ಸುತಾರ, ಅಂದ್ರ ಬಡಿಗ್ಯಾನ ಕೆಲಸದಾವ, ತಾನೇ ಬಂದು ಕೈ ಹಚ್ಚಿದ. ಅತ್ತಿ ಹತ್ತಾಕ ಅನುಕೂಲ ಆಗಲೆಂತ ಹಿಂದಿನ ಹಲಗಿಗೆ ಕೀಲು ಹಾಕಿ, ಇಳಿಸಿದ್ರ ಜಾರಬಂಡಿಯಂಗ ನೆಲಕ್ಕ ತಾಗೂ ಹಂಗ ಮಾಡಿಕೊಟ್ಟ. ಒಂದು ಪೈಸೆ ಮುಟ್ಟಲಿಲ್ಲ. "ಆಯಿ ದೇವಾಲಾ ಜಾತೇಯ್" ಅಂದ, ಅವ್ವ ದೇವರಿಗೆ ಹೋಗತಾಳ, ನನಗ್ಯಾತರ ಕೂಲಿ ಅನ್ನೋ ಹಂಗ.

ದೊಡ್ಡ ತಾಪತ್ರಯ ಪಾಟಾದ್ದು. ಪಾಟಾ ಅಂದ್ರ ಗಾಲಿ ಮ್ಯಾಲೆ ಒಂದರ ಮ್ಯಾಲೊಂದು ಇಟ್ಟ ಕಬ್ಬಿಣದ ಪಟ್ಟಿ, ಗಾಡಿ ಭಾರ ಹೊರೂದು ಅವೇ. "ಇದು ಸಿಪಾಯಿ-ಮದ್ದುಗುಂಡು ಹೊರಾಕ ಮಾಡಿದ್ದು. ಮುದುಕಿ ಸಲುವಾಗಿ ಮಾಡಿದ್ದಲ್ಲ. ಹಗುರಾದ್ರ ಕುಣೀತೈತಿ" ಅಂದ್ರು. ಒಂದೊಂದೇ ಪಟ್ಟಿ ತೆಗೆದು ನೋಡೂದು, ಮತ್ತ ಕಟ್ಟೂದು. ಕಡೀಕ ಒಳಗ ತಾಡಪತ್ರಿ ಹೊದಿಸೂ ಕಮಾನಿನಿಂದ ನವಾರದ ಹೊರಸು, ಅಂದ್ರ ಮಂಚಾ, ತೂಗಬಿಟ್ರು, ತೊಟ್ಟಲದಂಗ. ಹಗ್ಗದ ಬದ್ಲಿ ಹಳೇ ಸೈಕಲ್ ಟ್ಯೂಬು, ಧಕ್ಕಿ ತಾಗಬಾರದಂತ. ಹೊಗಿ ಬಿಡೂ ಕೊಳವಿ ಮ್ಯಾಲೆ ಎತ್ತಿ ತಾಡಪತ್ರಿಕಿಂತ ಎತ್ತರ ಮಾಡಿದ್ರು. "ಭಾಂಡುಪ್‌ಗೆ ಇನ್ನೊಂದು ಗಿರಣಿ ಚಿಮಣಿ ಬಂತು" ಅಂತ ಚಾಳಿನವರು ನಕ್ಕ್ರ, "ಹಳ್ಳದಾಗ ಇಳಿಯೂದೈತಿ. ಮೂಗು ಮ್ಯಾಲಿದ್ರ ಮುಳಗೂದಿಲ್ಲ" ಅಂದ್ರು. ಇಂಜಿನ್ನಿನ ಒಳಗೂ ನೀರು ಹೋಗೂ ಸಂದಿಗೆಲ್ಲಾ ಗ್ರೀಸು ಮೆತ್ತಿ, ರಬ್ಬರು ಸುತ್ತಿದ್ರು.

ತಾಡಪತ್ರಿ ಹೊಲದದ್ದು ನಾನು. ಗೋಣಿ ಹೊಲಿಯೂ ದಬ್ಬಣ ಹಿಡದು ಹದಿನೈದು ದಿನ. ಬೆರಳ ತುದಿ ಚರ್ಮ ಎದ್ದು ಹೋಗಿ ರೊಟ್ಟಿ ಬಡಿಯೂದೂ ಕಷ್ಟ ಆಗಿತ್ತು. ಅತ್ತಿ ಹಾಸಿಗಿ ಮ್ಯಾಲೆ ಕುಂತು ನೂಲಿಗೆ ಮೇಣ ಹಚ್ಚಿ ಹಚ್ಚಿ ಕೊಡತಿದ್ರು. ಸೊಸಿಗೆ ದಬ್ಬಣ, ಅತ್ತಿಗೆ ಮೇಣ, ಗಂಡಗ ಗ್ರೀಸು. ಆ ವರ್ಷದಷ್ಟು ಸುಖಾ ನಾ ಮುಂದ ಉಂಡಿಲ್ಲ.

ಬ್ಯಾಸಗಿ ಹೊತ್ತಿಗೆ ಗಾಡಿ ತಯಾರಾತು. ಕೆರಿ ಕಡೆ ಹೋಗೂ ಗುಡ್ಡದ ಕಲ್ಲು ಹಾದಿಯೊಳಗ ಪರೀಕ್ಷಾ. ಹೊರಸಿನ ಮ್ಯಾಲೆ ಹಿತ್ತಾಳಿ ಕೊಡಾ ಇಟ್ಟು ಕಂಠಮಟ ನೀರು ತುಂಬಿದ್ರು. ನನ್ನ ಬಾಜೂಕ ಕೂಡಿಸಿ, "ಮುಟ್ಟಬ್ಯಾಡ, ಬರೇ ನೋಡಕೋಂತ ಕೂಡು" ಅಂದ್ರು. ಹತ್ತಿ ಇಳದು ತಿರುಗಿ ಬರೂದರಾಗ ನೀರು ಬರೇ ಬೊಗಸಿಯಷ್ಟು ಚೆಲ್ಲಿತ್ತು. ಆ ಕೊಡಾ ಹೊತ್ತುಕೊಂಡು ಹೋಗಿ ಅವ್ವನ ಮುಂದ ಇಟ್ಟು ನಿಂತ್ರು, ಬಾಯಿ ತುಂಬ ನಗು. ಅವರು ಹಂಗ ನಕ್ಕದ್ದನ್ನ ನಾ ಎಣಿಸಿ ಎರಡು ಸಲ ನೋಡೀನಿ.

ಇನ್ನ ಮೀಸಲದ ಮಾತು. ನಮ್ಮ ಕಡೆ ಹೊಸದು ಏನೇ ಬರಲಿ, ಮೊದಲ ಪಾಲು ದೇವರದು. ಆಕಳು ಈದ್ರ ಮೊದಲ ಬೆಣ್ಣಿ ಮೀಸಲ, ಸುಗ್ಗಿಯೊಳಗ ಮೊದಲ ತೆನಿ ಮೀಸಲ. ದೇವರಿಗೆ ಮುಟ್ಟೂತನಕ ಮಂದಿ ಬಾಯಿಗೆ ಇಡೂ ಹಂಗಿಲ್ಲ. ಪರೀಕ್ಷಾ ಲೆಕ್ಕಕ್ಕಿಲ್ಲ, ಪೂಜಾ ಆದ ಮ್ಯಾಲಿಂದೇ ಮೊದಲ ಸವಾರಿ. ಗಾಡಿ ಪೂಜಾದ ದಿನ ಅತ್ತಿ, "ಮೊದಲ ದೇವರಿಗೆ ಹೋಗಲಿ ಗಾಡಿ, ಆಮ್ಯಾಲೆ ಬ್ಯಾರೆ ಕಡೆ" ಅಂತ ಅಷ್ಟೇ ಅಂದದ್ದು. ನಾ ಒಂದು ಕೈ ಮುಂದ ಹೋದೆ. ಹಳದಿ ಅರವಿಯಾಗ ಅಕ್ಕಿ, ಅಡಿಕಿ, ಅರಿಷಿಣ ಕೊನಿ ಇಟ್ಟು, ಗಂಟು ಹಾಕಿ, ಸ್ಟೇರಿಂಗಿಗೆ ಮುಡಿಪು ಕಟ್ಟಿದೆ. ಎಲ್ಲಾರ ಮುಂದ, "ಗುಡ್ಡಾ ಮುಟ್ಟೂತನಕ ಇದರಾಗ ಯಾರೂ ಕಾಲಿಡೂದಿಲ್ಲ. ಇಟ್ಟ್ರ ಹರಕಿ ಮುರದಂಗ" ಅಂದೆ.

"ಅಷ್ಟು ಬಿಗಿ ಯಾಕ?" ಅಂದ್ರು ನಮ್ಮವರು.

"ನಿಮಗ ಇದೆಲ್ಲಾ ತಿಳಿಯೂದಿಲ್ಲ, ಸುಮ್ನಿರ್ರಿ" ಅಂದೆ. ಅತ್ತಿ ನನ್ನ ಗದ್ದ ಮುಟ್ಟಿ ಮುದ್ದು ಕೊಟ್ಟ್ರು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ. ನನ್ನ ಮಾತು ಆವತ್ತು ಹೋತು.

ಗಾಡಿ ಕಾಗದ ಕೈಗೆ ಬರೂದು ತಡಾ ಆತು. ಕಾಗದ ಬರೂದರೊಳಗ ಮಳಿ ಬಂತು. ಮಳಿಗಾಲದಾಗ ಆ ಮೂರು ಹಳ್ಳ ದಾಟೂದು ಯಾವ ಗಾಡಿ ಕೈಲೂ ಆಗೂದಿಲ್ಲ. ದಸರಾ ಮುಗಿದ ಮರುದಿವ್ಸ ಹೊರಡೂದಂತ ಠರಾವು ಆತು. ಅತ್ತಿ ಹೊರಸು ಖಿಡಕಿಗೆ ಸರಿಸಿಕೊಂಡು, ಮಳ್ಯಾಗ ನಿಂತ ಗಾಡಿ ನೋಡಕೋಂತ ಕೂಡತಿದ್ರು. ನಮ್ಮವರು ದಿನಾ ಮುಂಜಾನೆ ಕೆಲಸಕ್ಕ ಹೋಗೂ ಮುಂದ, ಒಳಗ ಕಾಲಿಡದ ಹೊರಗಿನಿಂದ ಕೈ ಚಾಚಿ ಸ್ವಿಚ್ ಹಾಕಿ, ಮುಂದ ನಿಂತು ಹ್ಯಾಂಡಲ್ ಹೊಡದು, ಐದು ನಿಮಿಷ ಇಂಜಿನ್ ನಡಿಸಿ ಬಂದ್ ಮಾಡತಿದ್ರು. ಅತ್ತಿಗೆ ಆ ಸಪ್ಪಳ ಸುಪ್ರಭಾತ ಆಗಿತ್ತು.

ಆಷಾಢಕ್ಕ ಮುಂಚೆ ಭಿಕಾಜಿ ಬಂದಿದ್ದ. ಅವನ ಮಗಳ ಲಗ್ನ. "ವಹಿನಿ, ಒಂದು ದಿವ್ಸ ಗಾಡಿ ಕೊಟ್ಟ್ರ ನವರಾ-ನವರಿ, ಮದುಮಕ್ಕಳನ್ನ ಠಾಣಾ ಊರಿಗೆ ಒಯ್ಯತೀನಿ" ಅಂದ, ನಮ್ಮ ಜೋಡಿ ಇದ್ದು ಕಲತ ಕನ್ನಡದಾಗ. ನಮ್ಮವರು ನನ್ನ ಮಾರಿ ನೋಡಿದ್ರು. ನಾ ಬಾಗಲದಾಗೇ ನಿಂತು, "ಮೀಸಲ ಐತಿ ಭಿಕಾಜಿಭಾವು, ಆಗೂದಿಲ್ಲ" ಅಂದೆ. ಹಲಗಿ ಕೂಡಿಸಿದ ಕೈ ಅವಂದು. ಅವ ಗೋಣು ಹಾಕಿ ಹೋದ. ನನಗ ಆಗ ನನ್ನ ಭಕ್ತಿ ಮ್ಯಾಲೆ ನನಗೇ ಹೆಮ್ಮಿ ಬಂದಿತ್ತು. ಏನ್ ಹೆಮ್ಮಿನೋ, ಅದಕ್ಕಿಷ್ಟು ಬೆಂಕಿ ಹಾಕ.

ಶ್ರಾವಣದ ಎರಡನೇ ಸೋಮವಾರ. ಮೂರು ದಿನದಿಂದ ಮಳಿ ಬಿಟ್ಟಿದ್ದಿಲ್ಲ. ಮುಂಜಾನೆ ಅತ್ತಿಗೆ ಹೊಟ್ಟಿನೋವು. ಹಿಂದಿನ ದಿನದ ಕಡ್ಲಿಬ್ಯಾಳಿ ಹೋಳಿಗಿ ಜಡಾ ಆಗೇತಿ ಅಂದುಕೊಂಡೆ. ಇಂಗಿನ ನೀರು ಕುಡಿಸಾಕತ್ತಿದ್ದೆ, ಹೊರಗ ಇಂಜಿನ್ ಸಪ್ಪಳ ಬಂತು. ನೋವಿನಾಗೂ ಅತ್ತಿ, "ಎದ್ದ ನೋಡು ನಮ್ಮ ಬಸವಣ್ಣ" ಅಂತ ಗಾಡಿಗೆ ಅಂದ್ರು. ನಮ್ಮವರು ಗಾಡಿ ಬಂದ್ ಮಾಡಿ ಕೆಲಸಕ್ಕ ಹೋದ್ರು.

ಹನ್ನೆರಡು ಹೊಡೆಯೂದರಾಗ ಹಸಿರು ವಾಂತಿ. ಹೊಟ್ಟಿ ಮುಟ್ಟಿದ್ರ ಕಲ್ಲು. ಕಾರಖಾನಿಗೆ ನೀರು ಹೊಕ್ಕಿತಂತ ಇವರನ್ನ ಲಗೂ ಬಿಟ್ಟಿದ್ರು, ತೊಯ್ಸಿಕೊಂಡು ಬಂದ್ರು. ಸ್ಟೇಶನ್ ಹಂತ್ಯಾಕಿನ ಡಾಕ್ಟರನ್ನ ಕರಕೊಂಡು ಬಂದ್ರ ಅವರು ಹೊಟ್ಟಿ ಒತ್ತಿ ನೋಡಿ, "ಕರುಳು ತಿರುವಿಕೊಂಡೈತಿ. ಮುಲುಂಡದ ದವಾಖಾನಿಗೆ ಒಯ್ರಿ, ಈಗಿಂದೀಗ. ಇಂಥಾದಕ್ಕ ತಾಸು ತಾಸಿಗೂ ಲೆಕ್ಕ" ಅಂದ್ರು.

ಲೋಕಲ್ ಬಂದ್. ಹಳಿ ಮ್ಯಾಲೆ ನೀರು. ಟಾಂಗಾದಾವ ರಸ್ತಾದಾಗ ಸೊಂಟಮಟ ನೀರೈತಿ, ಕುದರಿ ಇಳಿಯೂದಿಲ್ಲ ಅಂದ. ನಮ್ಮವರು ಹೊರಗ ಹೋಗಿ ಗಾಡಿ ಬಾನೆಟ್ ಮ್ಯಾಲೆ ಕೈ ಇಟ್ಟು ಒಂದು ಗಳಿಗಿ ನಿಂತ್ರು. ಒಳಗ ಬಂದು, "ಯವ್ವಾ, ಗಾಡಿ ತೆಗೀತೀನಿ" ಅಂದ್ರು.

ಅತ್ತಿ ಅವರ ಮಣಿಕಟ್ಟು ಹಿಡದ್ರು. "ಬ್ಯಾಡಪಾ. ಮೀಸಲ ಮುರೀಬ್ಯಾಡ. ನಿನ್ನ ತಲಿ ಮ್ಯಾಲೆ ಬರತೈತಿ."

"ನನ್ನ ತಲಿ ಮ್ಯಾಲೆ ಏನ ಬರತೈತೋ ಬರಲಿ."

"ನನ್ನ ಆಣಿ ಐತಿ ನಿನಗ."

ಅವರು ತಿರುಗಿ ನನ್ನ ಕಡೆ ನೋಡಿದ್ರು. ಆ ನೋಟ ನಾ ಸಾಯೂತನಕ ಮರಿಯೂದಿಲ್ಲ. ಅವ್ವನ ಆಣಿ ಮೀರಾಕ ಅವರಿಗೆ ಒಬ್ಬರು ಹೂಂ ಅನ್ನೂದು ಬೇಕಾಗಿತ್ತು. ಮುಡಿಪು ಕಟ್ಟಿದಾಕಿ ನಾನು. ನಾ ಬಿಚ್ಚ್ರಿ ಅಂದಿದ್ರ ಬಿಚ್ಚತಿದ್ರು.

"ಅವರು ಬ್ಯಾಡ ಅಂದ ಮ್ಯಾಲೆ ಬ್ಯಾಡ್ರಿ. ನಾಳೆ ನಿಮಗ ಏನರ ಆದ್ರ ನಾ ಏನ ಮಾಡಲಿ?" ಅಂದೆ.

ಅದು ಖರೇನೇ ಭಯ. ಆದ್ರ ಅದೊಂದೇ ಅಲ್ಲ, ಇಷ್ಟು ವರ್ಷದ ಮ್ಯಾಲೆ ಮುಚ್ಚಿಟ್ಟು ಏನ ಮಾಡಲಿ. ಡಾಕ್ಟರ ಹಿಂದ ಬಾಗಲದಾಗ ಭಿಕಾಜಿ ನಿಂತಿದ್ದ. ಅವನ ಮಗಳ ಲಗ್ನಕ್ಕ ಕೊಡದ ಗಾಡಿ ನಮ್ಮ ಕೆಲಸಕ್ಕ ತೆಗೀರಿ ಅಂತ ಅವನ ಕಣ್ಣಮುಂದ ಹ್ಯಾಂಗ ಅನ್ನಲಿ ಅನ್ನೂದೂ ಮನಸ್ಸಿನಾಗ ಬಂತು. ಒಂದು ಜೀವಾ ಹೋಗೂ ಹೊತ್ತಿನಾಗ ನಾ ಮಾರಿ ಉಳಿಸಿಕೊಳ್ಳೂ ವಿಚಾರ ಮಾಡಿದೆ.

ಮನ್ಯಾಗಿನ ಹೊರಸಿಗೆ ಬಿದಿರು ಕಟ್ಟಿದ್ರು. ನಮ್ಮವರು, ಭಿಕಾಜಿ, ಚಾಳಿನ ಇಬ್ಬರು ಹೆಗಲು ಕೊಟ್ಟ್ರು. ಎಲ್ಲಾರಕ್ಕಿಂತ ಮೊದಲ ಬಂದು ಹಿಡದಾವ ಭಿಕಾಜಿನೇ. ಅತ್ತಿ ಮ್ಯಾಲೆ ಗೋಣಿ ತಟ್ಟು ಹೊಚ್ಚಿ, ಛತ್ರಿ ಹಿಡಕೊಂಡು ನಾ ಬಾಜೂಕ ನಡದೆ. ಗಾಡಿ ಮುಂದ ಹಾಯೂ ಹೊತ್ತಿನಾಗ ಅತ್ತಿ ಕೈ ಎತ್ತಿ ಮುಗಿದ್ರು. ಮುಂದ ಬರೇ ನೀರು. ಒಂದೊಂದು ಹೆಜ್ಜಿಗೆ ಕಾಲಿನಿಂದ ನೆಲ ತಡವಿ ನೋಡಬೇಕು. ತಗ್ಗಿನಾಗ ಒಬ್ಬ ಎಡವಿದ್ರ ಹೊರಸು ವಾಲತಿತ್ತು, ಅತ್ತಿ ನರಳತಿದ್ರು. ಅರ್ಧಾ ಹಾದಿ ದಾಟಿದ ಮ್ಯಾಲೆ ನರಳೂದು ನಿಂತಿತು, ಅದು ನನಗ ಇನ್ನೂ ಕೆಟ್ಟ ಅನಸಿತು. ಮೂರು ತಾಸು ಹಿಡೀತು.

ದವಾಖಾನ್ಯಾಗ ಡಾಕ್ಟರು ನೋಡಿ, "ಹ್ಯಾಂಗ ತಂದ್ರಿ?" ಅಂದ್ರು ಮರಾಠಿಯೊಳಗ. ಹೊತಗೊಂಡು ಬಂದ್ವಿ ಅಂದ್ವಿ. "ಯಾವ ಗಾಡಿನೂ ಸಿಗಲಿಲ್ಲೇನು?"

ನಮ್ಮವರು ನೆಲಾ ನೋಡಕೋಂತ ನಿಂತ್ರು. "ಸಿಗಲಿಲ್ಲ ಸಾಹೇಬ" ಅಂದೆ ನಾನು.

ಆಪರೇಶನ್ ಮಾಡಿದ್ರು. ಕರುಳು ಕರ್ರಗಾಗಿ ಹೋಗಿತ್ತಂತ. ಮರುದಿವ್ಸ ಬೆಳಕು ಹರದು ಎಂಟರ ಸುಮಾರಿಗೆ ಅತ್ತಿ ಹೋದ್ರು. ಕಣ್ಣು ತೆರದು ಮಾತಾಡಲೇ ಇಲ್ಲ.

ನಮ್ಮವರು ಅವ್ವನ ಕಾಲು ಮುಟ್ಟಿದ್ರು. ಎದ್ದು ಹೊರಗ ಹೋದ್ರು. ಮಳಿ ಹಂಗೇ ಸುರೀತಿತ್ತು. ನಾ ಹೆಣದ ಬಾಜೂಕ ಕುಂತಿದ್ದೆ. ಹತ್ತೂವರಿ ಆಗಿರಬೇಕು, ಹೊರಗ ಆ ಇಂಜಿನ್ ಸಪ್ಪಳ ಕೇಳಿತು. ಆ ಸಪ್ಪಳ ನಾ ಸಾವಿರದಾಗೂ ಗುರುತು ಹಿಡೀತೀನಿ. ಎದ್ದು ಹೋಗಿ ನೋಡಿದ್ರ ಗಾಡಿ ಬಾಗಲಕ್ಕ ನಿಂತಿತ್ತು. ಸ್ಟೇರಿಂಗಿನ ಮ್ಯಾಲೆ ಮುಡಿಪು ಇದ್ದಿದ್ದಿಲ್ಲ.

ಹಿಂದಿನ ಹಲಗಿ ಇಳಿಸಿದ್ರು. ತೂಗೂ ಹೊರಸಿನ ಮ್ಯಾಲೆ ಅತ್ತಿನ್ನ ಮಲಗಿಸಿದ್ರು. ನಾ ಬಾಜೂಕ ಕುಂತೆ. ನಿನ್ನಿ ನಾಲ್ಕು ಮಂದಿ ತಡವಿ ತಡವಿ ನಡದ ಅದೇ ನೀರಾಗ ಗಾಡಿ ಇಳೀತು. ಎಮ್ಮಿ ಹಳ್ಳಾ ದಾಟಿದಂಗ ದಾಟಿತು. ಒಮ್ಮೆ ನಿಲ್ಲಲಿಲ್ಲ, ಒಮ್ಮೆ ಕೆಮ್ಮಲಿಲ್ಲ. ಹೊರಸು ಹಗೂರಕ ತೂಗತಿತ್ತು, ಅತ್ತಿ ಮೈ ಅಲಗಲಿಲ್ಲ. ಚಾಳಿನ ಮುಂದ ಬಂದು ನಿಂತಾಗ ನಾ ಲೆಕ್ಕ ಹಾಕಿದೆ. ಇಪ್ಪತ್ತು ನಿಮಿಷ ಆಗಿತ್ತು.

ನಮ್ಮವರು ನನ್ನ ಬೈಲಿಲ್ಲ. ಬೈದಿದ್ರ ಎಷ್ಟೋ ಚಲೋ ಇತ್ತು. ಅವ್ವ ಸತ್ತ ವರ್ಷ ದೇವರ ಗುಡ್ಡಾ ಹತ್ತೂ ಹಂಗಿಲ್ಲ ಅಂತ ಗಾಡಿ ನಿಂತೇ ನಿಂತಿತು. ಅವರು ಮುಂಜಾನೆ ಹ್ಯಾಂಡಲ್ ಹೊಡಿಯೂದು ಬಿಟ್ಟ್ರು. ದೀಪಾವಳಿ ಆದ ಮ್ಯಾಲೆ ಖಡಿ ಒಡಿಯೂ ಗುತ್ತಿಗಿದಾರ ಒಬ್ಬಾವ ಬಂದು ಕೇಳಿದ, ಕೊಟ್ಟುಬಿಟ್ಟ್ರು. ಅವರೇ ಹೊರಸು ಬಿಚ್ಚಿ ಇಳಿಸಿದ್ರು, ತಾಡಪತ್ರಿ ಹಂಗೇ ಹೋತು. ಭಿಕಾಜಿ ಬಾಗಲದಾಗ ನಿಂತು ನೋಡಿದ. ಆತನ ಮುಂದ ಹೋಗಿ ತಪ್ಪಾತು ಅನ್ನಬೇಕು ಅಂತ ಎಷ್ಟೋ ಸಲ ಅನಿಸಿತು. ಅಂದಿಲ್ಲ.

ಅತ್ತಿಯವರ ವರ್ಷಾಂತಿಕ ಮುಗಿಸಿ ನಾವಿಬ್ಬರೇ ಗುಡ್ಡಕ್ಕ ಹೋದ್ವಿ. ಖಾನಾಪುರತನಕ ರೈಲು, ಮುಂದ ಬಸ್ಸು, ಉಳದದ್ದು ನಡದು. ಅವ್ವನ ಹೆಸರಿಲೆ ಕಾಯಿ ಒಡಸಿದ್ವಿ. ಬಿಸಲಿಗೆ ದಣದು ಮೆಟ್ಟಿಲ ಮ್ಯಾಲೆ ಕುಂತಾಗ ನನಗ ತಡಕೊಳ್ಳಾಕ ಆಗಲಿಲ್ಲ. ವರ್ಷಪೂರ್ತಿ ಒಳಗ ಹಿಡದಿದ್ದ ಮಾತು ಬಂದುಬಿಟ್ಟಿತು.

"ನಾನೇ ಕೊಂದೆರಿ ಅವರನ್ನ."

ಅವರು ಒಡದ ಕಾಯಿ ಅರವಿಯಾಗ ಕಟ್ಟಿದ್ರು. ಆಮ್ಯಾಲೆ, "ಹುಚ್ಚಿ ಇದ್ದೀ ಏನು? ಆವತ್ತು ಗಾಡಿ ಹತ್ತತಿದ್ದಿಲ್ಲ" ಅಂದ್ರು. "ಮೂರು ದಿನದ ಮಳಿಗೆ ಇಂಜಿನ್ನಿಗೆ ಕಿಡಿ ಕೊಡೂ ಕಾಯಿಲ್ ನೆನದಿತ್ತು. ಮುಂಜಾನೆ ಎಷ್ಟು ಹ್ಯಾಂಡಲ್ ಹೊಡದ್ರೂ ಇಂಜಿನ್ ಹತ್ತಲಿಲ್ಲ, ಚಾಲೂನೇ ಆಗಲಿಲ್ಲ. ನೀ ಹೂಂ ಅಂದಿದ್ರೂ ಹೊತಗೊಂಡೇ ಹೋಗಬೇಕಾಗತಿತ್ತು. ಮರುದಿವ್ಸ ಕಾರಖಾನಿಯಿಂದ ಬ್ಯಾರೆ ಕಾಯಿಲ್ ತಂದು ಹಾಕಿದೆ."

ಹುಟ್ಟಿದಾಗಿಂದ ಸುಳ್ಳು ಹೇಳದ ಮನಷ್ಯಾ. ಅವ್ವ ಹರಕಿ ಹೊತ್ತ ದೇವರ ಮೆಟ್ಟಿಲ ಮ್ಯಾಲೆ ಕುಂತು ಹೇಳಿದ್ರು. ಆ ಮುಂಜಾನೆ ಇಂಗಿನ ನೀರಿನ ಬಟ್ಟಲಾ ಕೈಯಾಗ ಹಿಡಕೊಂಡು ಇಂಜಿನ್ ಸಪ್ಪಳ ನನ್ನ ಕಿವಿಲೇ ಕೇಳಿದ್ದೆ. ನಾ ಕೇಳೇನಿ ಅನ್ನೂದು ಅವರಿಗೆ ಗೊತ್ತಿತ್ತೋ ಇಲ್ಲೋ ದೇವರಿಗೇ ಗೊತ್ತು.

"ಹೌದ್ರೀ?" ಅಂದೆ.

"ಹೌದು" ಅಂದ್ರು.

ಸೆರಗಿಲೆ ಕಣ್ಣು ಒರಸಿಕೊಂಡೆ. ಇಬ್ಬರೂ ಎದ್ದು ಗುಡ್ಡಾ ಇಳದ್ವಿ. ಅದರ ಮುಂದ ಅವರು ನಲವತ್ತು ವರ್ಷ ಇದ್ದ್ರು, ತಲಿ ಮ್ಯಾಲೆ ಏನೂ ಬರಲಿಲ್ಲ. ಆ ನಲವತ್ತೂ ವರ್ಷ ನಾವಿಬ್ಬರೂ ಆವತ್ತು ಗಾಡಿ ಹತ್ತಲಿಲ್ಲ ಅಂತನೇ ಸಂಸಾರ ಮಾಡಿದ್ವಿ.